ಕಬ್ಬಿನ ಸೀಮೆಯಿಂದ ಕಾಫಿಯ ಕಾಡಿಗೆ: ಒಂದಿಂಚು ಮಳೆಗಾಗಿ ಕಾಯುವ ಬೆಳೆ

ಗೋಕಾಕ ತಾಲ್ಲೂಕಿನ ಮೇಲವಂಕಿಯಲ್ಲಿ ಬೆಳಗಾಗುವುದು ಚಹಾದೊಂದಿಗೆ. ಘಟಪ್ರಭೆಯ ಸೀಮೆಗೆ ಸೇರಿದ ಈ ಊರಿನ ಸುತ್ತ ಕಣ್ಣು ಹಾಯಿಸಿದತ್ತ ಕಬ್ಬು. ನಡುನಡುವೆ ಗೋವಿನಜೋಳ, ಅರಿಸಿನ. ಕಾಫಿ ಎಂದರೆ ಇಲ್ಲಿಯವರಿಗೆ ಬೆಂಗಳೂರಿಗೆ ಹೋದಾಗ ಸಣ್ಣ ಲೋಟದಲ್ಲಿ ಸಿಗುವ ಪಾನೀಯ. ಅದರ ಗಿಡ ಎಷ್ಟು ಎತ್ತರ, ಹಣ್ಣಿನ ಬಣ್ಣ ಯಾವುದು, ಕುಡಿಯುವುದು ಎಲೆಯನ್ನೋ ಬೀಜವನ್ನೋ ಎಂದು ಕೇಳಿದರೆ ಖಚಿತವಾಗಿ ಹೇಳುವವರು ವಿರಳ. ಚಿಕ್ಕಮಗಳೂರಿನ ಕಾಫಿ ತೋಟವೊಂದನ್ನು ನೋಡಿ ಬರಬೇಕೆಂದು ಒಂದು ಮಾರ್ಚ್ ತಿಂಗಳಲ್ಲಿ ಈ ಭಾಗದ ಕೆಲವು ಕಬ್ಬು ಬೆಳೆಗಾರರು ಹೊರಟಾಗ ನಾವೂ ಅವರ ಜತೆಗೂಡಿದೆವು. ಅವರ ಮನಸ್ಸಿನಲ್ಲಿದ್ದ ಪ್ರಶ್ನೆ ಒಂದೇ: ಕಾಫಿಯ ಬೆಲೆ ಗಗನಕ್ಕೇರಿದೆ ಎಂದು ಪತ್ರಿಕೆಗಳು ಬರೆಯುತ್ತಿವೆ, ನಮ್ಮ ನೆಲಕ್ಕೆ, ನಮ್ಮ ನೀರಿಗೆ ಅದು ಏಕೆ ಬರಬಾರದು?

ಘಟಪ್ರಭಾ ನಿಲ್ದಾಣದಲ್ಲಿ ರೈಲು ಹತ್ತಿ ಅಪರಾತ್ರಿ ಕಡೂರಿನಲ್ಲಿಳಿದು, ಬೆಳಗಿನ ಬಸ್ಸಿನಲ್ಲಿ ಚಿಕ್ಕಮಗಳೂರು ಸೇರಿ, ಅಲ್ಲಿಂದ ಆಲ್ದೂರಿನ ದಾರಿ ಹಿಡಿದಾಗ ಬಯಲು ಕಣ್ಮರೆಯಾಗಿ ಮರಗಳ ನೆರಳು ಆರಂಭವಾಯಿತು. ತೋಟದ ಗೇಟಿನ ಒಳಗೆ ಕಾಲಿಟ್ಟ ಮೇಲೂ ನಮ್ಮವರಿಗೆ ತೋಟ ಕಾಣಲಿಲ್ಲ. ತಂಡದ ಹಿರಿಯರು ಸುತ್ತ ನೋಡಿ, ಎದುರುಗೊಳ್ಳಲು ಬಂದ ತೋಟದ ಯಜಮಾನರನ್ನು ಕೇಳಿಯೇಬಿಟ್ಟರು:

"ಸಾವಕಾರ್ರ, ಇದು ತ್ವಾಟೋ, ಅಡವ್ಯೋ?"

"ಎರಡೂ ಹೌದು. ಮರ ಕಡಿದ್ರೆ ತೋಟವೂ ಇಲ್ಲ, ಬನ್ನಿ ತೋರಿಸ್ತೀನಿ" ಎಂದು ಅವರು ನಕ್ಕರು.

ನೆರಳೆಂಬ ಬಂಡವಾಳ

ಕಬ್ಬಿನ ರೈತನಿಗೆ ಗದ್ದೆಯಲ್ಲಿ ಮರವಿದ್ದರೆ ನಷ್ಟ. ಮರದ ನೆರಳು ಬಿದ್ದಷ್ಟು ಜಾಗದಲ್ಲಿ ಕಬ್ಬು ಸೊರಗುತ್ತದೆ. ಕಾಫಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಇಥಿಯೋಪಿಯಾದ ಎತ್ತರದ ಕಾಡುಗಳಲ್ಲಿ ದೊಡ್ಡ ಮರಗಳಡಿ ಬೆಳೆಯುತ್ತಿದ್ದ ಅರೇಬಿಕಾ ಗಿಡ ಇಂದಿಗೂ ಆ ಸ್ವಭಾವವನ್ನು ಬಿಟ್ಟಿಲ್ಲ. ಬ್ರೆಜಿಲ್‌ನಲ್ಲಿ ಬಹುಪಾಲು ತೋಟಗಳು ಬಯಲಿನಲ್ಲಿ, ಬಿಸಿಲಿನಲ್ಲಿವೆ. ಭಾರತದಲ್ಲಿ ಮಾತ್ರ ಹೆಚ್ಚು ಕಡಿಮೆ ಇಡೀ ಕಾಫಿ ನೆರಳಿನ ಬೆಳೆ. ಮೇಲ್ಗಡೆ ಹಲಸು, ಅತ್ತಿ, ನಂದಿ, ಬೀಟೆಯಂಥ ಕಾಡುಮರಗಳು. ಅವುಗಳ ಕೆಳಗೆ ಹಾಲುವಾಣ. ನಡುವೆ ನೆಟ್ಟ ಸಿಲ್ವರ್ ಓಕ್‌ನ ಮೇಲೆ ಹಬ್ಬಿದ ಕರಿಮೆಣಸಿನ ಬಳ್ಳಿ. ಇವೆಲ್ಲದರ ತಳದಲ್ಲಿ ಎದೆಯೆತ್ತರದ ಕಾಫಿ. ಸುರಿವ ಮುಂಗಾರಿನ ಹನಿ ನೇರವಾಗಿ ಮಣ್ಣನ್ನು ಹೊಡೆಯದಂತೆ ಮರ ತಡೆಯುತ್ತದೆ. ಉದುರಿದ ಎಲೆ ಗೊಬ್ಬರವಾಗುತ್ತದೆ. ಬೇಸಿಗೆಯಲ್ಲಿ ತೇವ ಉಳಿಯುತ್ತದೆ.

ಹಾಗೆಂದು ಕಾಡಿನಂತೆ ತನ್ನಷ್ಟಕ್ಕೆ ಬಿಟ್ಟದ್ದಲ್ಲ. ಮಳೆಗಾಲಕ್ಕೆ ಮುನ್ನ ಮರದ ಕೊಂಬೆಗಳನ್ನು ಸವರಿ ಬೆಳಕು ಬಿಡಬೇಕು. ಇಲ್ಲವಾದರೆ ಗಿಡ ತೇವದಲ್ಲಿ ಕೊಳೆಯುತ್ತದೆ. ಮಲೆನಾಡಿನಲ್ಲಿ ಇದನ್ನು 'ಮರಗಸಿ' ಎನ್ನುತ್ತಾರೆ. ಹಗ್ಗ ಕಟ್ಟಿಕೊಂಡು ಎತ್ತರದ ಮರ ಏರುವ ಈ ಕೆಲಸ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಬಿದ್ದು ಸತ್ತವರ ಸುದ್ದಿ ಪ್ರತಿ ವರ್ಷ ಜಿಲ್ಲಾ ಪುಟದ ಮೂಲೆಯಲ್ಲಿ ಎರಡು ಸಾಲಾಗಿ ಬರುತ್ತದೆ.

ಬೀಜ ಮೊಳೆಯಲು ಸುಮಾರು ಒಂದೂವರೆ ತಿಂಗಳು ಬೇಕು. ಬೀಜದ ಸಿಪ್ಪೆಯನ್ನೇ ಟೋಪಿಯಂತೆ ತಲೆಯ ಮೇಲೆ ಹೊತ್ತು ಮೊಳಕೆ ನೆಟ್ಟಗೆ ನಿಲ್ಲುತ್ತದೆ. ಆ ಹಂತದಲ್ಲಿ ಅದನ್ನು ಚೀಲಕ್ಕೆ ವರ್ಗಾಯಿಸಿ, ಮಳೆಗಾಲದಲ್ಲಿ ತೋಟಕ್ಕೆ ನೆಡುತ್ತಾರೆ. ಅರೇಬಿಕಾಕ್ಕೆ ಆರು ಅಡಿ ಅಂತರವಿಟ್ಟರೆ ಎಕರೆಗೆ ಸುಮಾರು 1,200 ಗಿಡ; ಹರಡಿ ಬೆಳೆಯುವ ರೋಬಸ್ಟಾಕ್ಕೆ ಹತ್ತು ಅಡಿ ಬಿಟ್ಟರೆ ನಾನೂರರ ಆಸುಪಾಸು. ಫಸಲು ಕಾಣಲು ಮೂರು ನಾಲ್ಕು ವರ್ಷ. ಹನ್ನೆರಡು ತಿಂಗಳಿಗೆ ಕಬ್ಬು ಕಡಿದು ಕಾರ್ಖಾನೆಗೆ ಸಾಗಿಸಿದವರಿಗೆ ಈ ಲೆಕ್ಕ ಕೇಳಿಯೇ ಸುಸ್ತಾಯಿತು. ಇಳುವರಿಯ ಲೆಕ್ಕ ಕೇಳಿದಾಗಲಂತೂ ಯಾರೂ ನಂಬಲಿಲ್ಲ. ಕಬ್ಬು ಎಕರೆಗೆ ನಲವತ್ತು ಟನ್ ಬಂದರೆ ವಿಶೇಷವೇನಲ್ಲ. ಅರೇಬಿಕಾದ ದೇಶದ ಸರಾಸರಿ ಹೆಕ್ಟೇರಿಗೆ ಅರ್ಧ ಟನ್ನನ್ನೂ ಮುಟ್ಟುವುದಿಲ್ಲ. ರೋಬಸ್ಟಾ ಒಂದು ಟನ್ನಿನ ಆಸುಪಾಸು.

ಇಂಚು, ಸೆಂಟು ಮತ್ತು ಹೂವು

ನಾವು ಹೋದ ದಿನ ತೋಟ ಬೆಳ್ಳಗಾಗಿತ್ತು. ಅರೇಬಿಕಾದ ಪ್ರತಿ ರೆಂಬೆಯ ಗೆಣ್ಣುಗೆಣ್ಣಿನಲ್ಲೂ ಹೂಗೊಂಚಲು. ಮಲ್ಲಿಗೆಯನ್ನು ನೆನಪಿಸುವ, ಆದರೆ ಅದಕ್ಕಿಂತ ತೆಳುವಾದ ಪರಿಮಳ. ಹಿಂದಿನ ವಾರ ಮಳೆ ಬಿದ್ದಿತ್ತಂತೆ. ಮನೆಯ ಮುಂದಿನ ಅಂಗಳದಲ್ಲಿ ಮಳೆಮಾಪಕ, ಒಳಗೆ ಮೇಜಿನ ಮೇಲೆ ಮಳೆಯ ಪುಸ್ತಕ. ಇಂದಿಗೂ ಬೆಳೆಗಾರರು ಮಳೆಯನ್ನು ಮಿಲಿಮೀಟರಿನಲ್ಲಿ ಎಣಿಸುವುದು ಕಡಿಮೆ. ಇಂಚು ಮತ್ತು ಸೆಂಟು ಅವರ ಭಾಷೆ. ಆ ದಿನದ ಎದುರಿಗೆ 'ಒಂದು ಇಂಚು ಹತ್ತು ಸೆಂಟು' ಎಂದು ಬರೆದಿತ್ತು. ಅಜ್ಜನ ಕಾಲದ ಪುಸ್ತಕಗಳೂ ಕಪಾಟಿನಲ್ಲಿ ಜೋಪಾನವಾಗಿದ್ದವು.

ಕಾಫಿ ಕೃಷಿಯ ಗುಟ್ಟೆಲ್ಲ ಇರುವುದು ಈ ಒಂದಿಂಚಿನಲ್ಲಿ. ಮಳೆಗಾಲ ಮುಗಿಯುತ್ತಲೇ ಗಿಡದಲ್ಲಿ ಹೂಮೊಗ್ಗು ರೂಪುಗೊಳ್ಳುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ನೆಲ ಒಣಗುತ್ತ ಹೋದಂತೆ ಆ ಮೊಗ್ಗು ಬೆಳೆಯದೆ, ಉದುರದೆ ನಿದ್ದೆ ಮಾಡುತ್ತದೆ. ಈ ಬಾಯಾರಿಕೆ ಗಿಡಕ್ಕೆ ಬೇಕೇ ಬೇಕು. ಬಳಿಕ ಫೆಬ್ರವರಿ-ಏಪ್ರಿಲ್ ನಡುವೆ ಒಂದು ಹದವಾದ ಮಳೆ ಬಿದ್ದರೆ ಮೊಗ್ಗುಗಳೆಲ್ಲ ಒಟ್ಟಿಗೆ ಎಚ್ಚರಗೊಂಡು ಎಂಟು ಹತ್ತು ದಿನಗಳಲ್ಲಿ ಅರಳುತ್ತವೆ. ಇದೇ 'ಹೂಮಳೆ'. ರೋಬಸ್ಟಾ ಮೊದಲು, ಅರೇಬಿಕಾ ಅನಂತರ. ಇಂಚಿಗಿಂತ ತೀರ ಕಡಿಮೆ ಬಿದ್ದರೆ ಮೊಗ್ಗು ಅರೆಬರೆ ಬಿರಿದು ಒಣಗುತ್ತದೆ. ಹೂ ಅರಳಿದ ದಿನವೇ ಮಳೆ ಬಂದರೆ ಪರಾಗ ತೊಳೆದುಹೋಗುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೋಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗವೇ ಆಗಬೇಕು. ಗಾಳಿ, ಜೇನ್ನೊಣ ಎರಡೂ ಅಲ್ಲಿ ಕೂಲಿ ಕೇಳದ ಕೆಲಸಗಾರರು. ಹೂ ಬಾಡಿದ ಮೇಲೆ ಎರಡು ಮೂರು ವಾರಗಳೊಳಗೆ ಮತ್ತೊಂದು ಮಳೆ ಬರಬೇಕು. ಬಂದರೆ ಕಾಯಿ ನಿಲ್ಲುತ್ತದೆ. ಬೆಳೆಗಾರರ ಬಾಯಲ್ಲಿ ಅದು 'ಬ್ಯಾಕಿಂಗ್ ಮಳೆ'.

ಹಿಡಕಲ್ ಜಲಾಶಯದ ಕಾಲುವೆ ನೀರಿನ ಸರದಿ ಕಾಯುವುದು ನಮ್ಮವರಿಗೆ ಹೊಸತಲ್ಲ. ಆದರೆ ವರ್ಷದ ಇಡೀ ಗಳಿಕೆ ಎರಡು ಮಳೆಗಳ ನಡುವಿನ ಅಂತರದಲ್ಲಿ ನಿಂತಿದೆ ಎಂಬುದು ಅವರಿಗೆ ವಿಚಿತ್ರವಾಗಿ ಕಂಡಿತು. ನೀರಿನ ಅನುಕೂಲವಿರುವ ರೋಬಸ್ಟಾ ತೋಟಗಳಲ್ಲಿ ತುಂತುರು ನೀರಾವರಿಯಿಂದಲೇ ಹೂ ಅರಳಿಸುವ ಪದ್ಧತಿ ಬೇರೂರಿದೆ. ಹೊಳೆ, ಕೆರೆ, ಕೊಳವೆಬಾವಿ ಇಲ್ಲದವರು ಆಕಾಶ ನೋಡಬೇಕು.

ಆ ದಿನ ಕಂಡ ಇನ್ನೊಂದು ದೃಶ್ಯ ಈ ಬೆಳೆಯ ಸಂಕಟವನ್ನು ನಮಗೆ ಚೆನ್ನಾಗಿ ತಿಳಿಸಿತು. ಒಂದು ಕಡೆ ಹೂ ನಗುತ್ತಿದ್ದರೆ, ಮನೆಯ ಬದಿಯ ಕಣದಲ್ಲಿ ಕೊನೆಯ ಕೊಯ್ಲಿನ ರೋಬಸ್ಟಾ ಹಣ್ಣನ್ನು ಇಬ್ಬರು ಹೆಂಗಸರು ಕಾಲಿನಿಂದ ಹರವುತ್ತಿದ್ದರು. ಅರೇಬಿಕಾವನ್ನು ಅರಳಿಸಿದ ಮಳೆಯೇ ಕಣದಲ್ಲಿದ್ದ ರೋಬಸ್ಟಾವನ್ನು ತೋಯಿಸಿತ್ತು. ಕಪ್ಪಗಾದ ಒಂದು ರಾಶಿಯನ್ನು ಬೇರೆ ಇಟ್ಟಿದ್ದರು. ಬೂಸಲು ಹಿಡಿದ ಬೀಜಕ್ಕೆ ಬೆಲೆಯಿಲ್ಲ.

ಈಚಿನ ವರ್ಷಗಳಲ್ಲಿ ಮಳೆಯ ಪುಸ್ತಕದ ಹಳೆಯ ಲೆಕ್ಕ ಹೊಂದುತ್ತಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, ಮರುವರ್ಷ ಮೂಡಿಗೆರೆ ಭಾಗದಲ್ಲಿ ಗುಡ್ಡ ಕುಸಿದು ತೋಟಗಳೇ ಜಾರಿಹೋದವು. 2021ರ ಜನವರಿಯಲ್ಲಿ, ಹಣ್ಣು ಇನ್ನೂ ಗಿಡದಲ್ಲಿ ಮತ್ತು ಕಣದಲ್ಲಿ ಇರುವಾಗ ಮಳೆ ಸುರಿಯಿತು; ಅದೇ ವರ್ಷದ ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೆ ಮತ್ತೆ ಅದೇ ಕಥೆ. ಅಕಾಲದ ಮಳೆ ಎರಡು ಬಾರಿ ಕೊಲ್ಲುತ್ತದೆ. ಈ ವರ್ಷದ ಹಣ್ಣನ್ನು ಒಡೆದು ಉದುರಿಸುತ್ತದೆ, ಮುಂದಿನ ವರ್ಷದ ಮೊಗ್ಗನ್ನು ವೇಳೆಗೆ ಮುನ್ನವೇ ಎಬ್ಬಿಸುತ್ತದೆ.

ಕಾಂಡದೊಳಗಿನ ಶತ್ರು

ಬಾಬಾಬುಡನ್ ಯೆಮನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ 17ನೇ ಶತಮಾನದ ಕಥೆ ನಾಡಿಗೆಲ್ಲ ಗೊತ್ತು. ಅಷ್ಟು ಪರಿಚಿತವಲ್ಲದ ಇನ್ನೊಂದು ಸಂಗತಿಯೆಂದರೆ, ಆ ಗಿಡವನ್ನು ಇಲ್ಲಿ ಉಳಿಸಿಕೊಳ್ಳಲು ನಡೆದ ಹೋರಾಟ. ಸಿಲೋನ್ ಒಂದು ಕಾಲಕ್ಕೆ ಕಾಫಿಯ ದ್ವೀಪವಾಗಿತ್ತು. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ತೋಟಗಳನ್ನು ನುಂಗಿ, ಆ ದೇಶ ಚಹಾಕ್ಕೆ ತಿರುಗಿತು. ಮೇಲವಂಕಿಯ ಬೆಳಗಿನ ಚಹಾ ಲೋಟಕ್ಕೂ ಆ ರೋಗಕ್ಕೂ ದೂರದ ನಂಟಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಇಲ್ಲಿ ಅದೇ ರೋಗದ ವಿರುದ್ಧ ತಳಿ ಹುಡುಕಲೆಂದೇ ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗ ಕೇಂದ್ರ ತೆರೆಯಿತು. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅದರ ಹಿಂದಿನ ಶಕ್ತಿ. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ಎಸ್. 795 ತಳಿ ಇಂದಿಗೂ ಅರೇಬಿಕಾ ತೋಟಗಳಲ್ಲಿ ವ್ಯಾಪಕವಾಗಿದೆ. 2007ರಲ್ಲಿ ಬಿಡುಗಡೆಯಾದ 'ಚಂದ್ರಗಿರಿ'ಯನ್ನೂ ಹಲವರು ನೆಟ್ಟಿದ್ದಾರೆ. ಮುಂಗಾರಿಗೆ ಮುನ್ನ ಮತ್ತು ಮಳೆ ಇಳಿದ ಮೇಲೆ ಬೋರ್ಡೋ ದ್ರಾವಣ ಸಿಂಪಡಿಸುವುದು ತುಕ್ಕಿಗೆ ಹಳೆಯ ಮದ್ದು.

ತುಕ್ಕಿಗೆ ಮದ್ದಿದೆ, ಬಿಳಿ ಕಾಂಡಕೊರಕಕ್ಕೆ ಇಲ್ಲವೆಂದೇ ಹೇಳಬೇಕು. ಜೀರುಂಡೆ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತ ಸಾಗುತ್ತದೆ. ಹೊರಗಿನಿಂದ ಕಾಣುವುದು ತೊಗಟೆಯ ಮೇಲಿನ ಉಬ್ಬುಗೆರೆ ಮತ್ತು ಹಳದಿಯಾದ ಎಲೆ ಮಾತ್ರ. ಕಂಡ ಗಿಡವನ್ನು ಕಿತ್ತು ಸುಡುವುದೇ ಉಳಿದ ತೋಟಕ್ಕೆ ರಕ್ಷೆ. ಯಜಮಾನರು ಕಿತ್ತಿಟ್ಟಿದ್ದ ಒಂದು ಕಾಂಡವನ್ನು ಸೀಳಿ ತೋರಿಸಿದರು: ಹದಿನೈದು ವರ್ಷ ಸಾಕಿದ ಗಿಡ, ಒಳಗೆ ಹುಡಿ. ನೆರಳು ಹದವಾಗಿರುವಲ್ಲಿ ಇದರ ಕಾಟ ಕಡಿಮೆ. ಬಿಸಿಲು ಬಿದ್ದಲ್ಲಿ ಹೆಚ್ಚು. 'ಮರ ಕಡಿದರೆ ತೋಟವೂ ಇಲ್ಲ' ಎಂಬ ಮೊದಲಿನ ಮಾತಿನ ಅರ್ಥ ಆಗ ತಿಳಿಯಿತು. ಅರೇಬಿಕಾದ ಮೇಲಿನ ಆಸೆ ಬಿಟ್ಟು ಗಟ್ಟಿಮುಟ್ಟಾದ ರೋಬಸ್ಟಾಕ್ಕೆ ಹೊರಳಿದವರು ಕಡಿಮೆಯಲ್ಲ. ರೋಬಸ್ಟಾಕ್ಕೂ ಶತ್ರುವಿದೆ: 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಯಿಕೊರಕ ಈಗ ಎಲ್ಲೆಡೆ ಹರಡಿದೆ. ಕೊಯ್ಲಿನ ಬಳಿಕ ನೆಲಕ್ಕೆ ಬಿದ್ದ ಹಣ್ಣನ್ನೂ ಆರಿಸಿ ತೆಗೆಯಬೇಕಾದದ್ದು ಅದಕ್ಕಾಗಿಯೇ.

ಕೈಯಿಂದ ಕೈಗೆ

ಅರೇಬಿಕಾ ಹಣ್ಣಾಗಲು ಎಂಟೊಂಬತ್ತು ತಿಂಗಳು, ರೋಬಸ್ಟಾಕ್ಕೆ ಹತ್ತು ಹನ್ನೊಂದು. ಹಣ್ಣೆಲ್ಲ ಒಮ್ಮೆಗೇ ಕೆಂಪಾಗುವುದಿಲ್ಲ. ಕೆಂಪಾದದ್ದನ್ನು ಮಾತ್ರ ಬಿಡಿಸುತ್ತ, ಅದೇ ಗಿಡಕ್ಕೆ ಮೂರು ನಾಲ್ಕು ಬಾರಿ ಮರಳಬೇಕು. ಇಳಿಜಾರಿನಲ್ಲಿ, ಮರಗಳ ನಡುವೆ ಈ ಕೆಲಸ ಮಾಡುವ ಯಂತ್ರ ಬಂದಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಕಿಲೋ ಲೆಕ್ಕದಲ್ಲಿ ಕೂಲಿ.

ಕಣದಲ್ಲಿ ಹಣ್ಣು ಹರವುತ್ತಿದ್ದ ಹೆಂಗಸೊಬ್ಬರು ನಮ್ಮವರ ಮಾತು ಕೇಳಿ ತಲೆಯೆತ್ತಿ, "ಯಾ ಊರಾತ್ರಿ ಅಣ್ಣಾರ?" ಎಂದರು. ಅವರು ವಿಜಯಪುರ ಜಿಲ್ಲೆಯವರು. ಡಿಸೆಂಬರಿನಲ್ಲಿ ಬಂದು ತೋಟದ ಲೈನ್ ಮನೆಯಲ್ಲಿದ್ದು, ಯುಗಾದಿಗೆ ಊರಿಗೆ ಹೋಗುವವರು. ಹಿರಿಯರು ಒಂದು ಗಳಿಗೆ ಸುಮ್ಮನಾದರು. ಅದೇ ಜಿಲ್ಲೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಇವರ ಹೊಲಕ್ಕೂ ಬರುತ್ತವೆ. ಕಾಫಿ ಜಿಲ್ಲೆಗಳ ಕೊಯ್ಲು ಇಂದು ವಿಜಯಪುರ, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಬಡ ಕುಟುಂಬಗಳ ಮೇಲೆ, ಈಚೆಗೆ ಅಸ್ಸಾಮಿನಿಂದ ಬರುವವರ ಮೇಲೆ ನಿಂತಿದೆ. ಆಲ್ದೂರು, ಮೂಡಿಗೆರೆ, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಡುವ ಇವರಿಗೆ ಕಾಡಾನೆಯ ಭಯವೂ ಇದೆ. ಕಾಫಿ ಕುಡಿಯುವ ನಗರಗಳಲ್ಲಿ ಈ ಮಾತು ಬರುವುದು ಅಪರೂಪ.

ಬಿಡಿಸಿದ ಹಣ್ಣಿಗೆ ಎರಡು ದಾರಿ. ಅಂದೇ ಪಲ್ಪರ್ ಯಂತ್ರದಲ್ಲಿ ಸಿಪ್ಪೆ ತೆಗೆದು, ಬೀಜಕ್ಕಂಟಿದ ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿಟ್ಟು, ತೊಳೆದು ಒಣಗಿಸಿದರೆ ಅದು 'ಪಾರ್ಚ್‌ಮೆಂಟ್'. ಹಣ್ಣನ್ನು ಇಡಿಯಾಗಿಯೇ ಒಣಗಿಸಿದರೆ 'ಚೆರ್ರಿ'. ಮೊದಲನೆಯದಕ್ಕೆ ಬೆಲೆ ಹೆಚ್ಚು, ನೀರೂ ಹೆಚ್ಚು. ಆ ಕೊಳೆನೀರನ್ನು ಹಳ್ಳಕ್ಕೆ ಬಿಟ್ಟರೆ ಹೊಳೆ ಕೆಡುತ್ತದೆ. ಕಣದಲ್ಲಿ ವಾರದಿಂದ ಎರಡು ವಾರ ಬಿಸಿಲು ಕಾಣಿಸಿ, ತೇವಾಂಶ ಶೇ 10-11ಕ್ಕೆ ಇಳಿದ ಮೇಲೆ ಚೀಲ ತುಂಬುತ್ತಾರೆ. ಐದಾರು ಕಿಲೋ ಹಣ್ಣಿಗೆ ಒಂದು ಕಿಲೋ ಬೀಜ. ಕ್ಯೂರಿಂಗ್ ಘಟಕಗಳಲ್ಲಿ ಹೊಟ್ಟು ತೆಗೆದು, ಗಾತ್ರ ನೋಡಿ ವಿಂಗಡಿಸಿದ ಆ ಬೀಜ ಹಸಿರು-ಬೂದು ಬಣ್ಣದ್ದು. ಹಿರಿಯರು ಒಂದನ್ನು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸಿದರು. ಪರಿಮಳ ಬರುವುದು ಹುರಿದ ಮೇಲೆಯೇ.

ಬೆಲೆ ಕಟ್ಟುವವರು ಯಾರು?

ಮಧ್ಯಾಹ್ನದ ಊಟದ ಹೊತ್ತಿಗೆ ಮಾತು ದರದ ಕಡೆ ಹೊರಳಿತು. 1942ರ ಕಾಯ್ದೆಯಂತೆ ಸ್ಥಾಪನೆಯಾದ ಕಾಫಿ ಮಂಡಳಿ ದಶಕಗಳ ಕಾಲ ಬೆಳೆಗಾರರ ಕಾಫಿಯನ್ನೆಲ್ಲ ಒಂದೇ ರಾಶಿಗೆ ಪಡೆದು, ಹರಾಜು ಹಾಕಿ, ಹಣವನ್ನು ಕಂತುಗಳಲ್ಲಿ ಕೊಡುತ್ತಿತ್ತು. ತಡವಾದರೂ ಬರುತ್ತದೆಂಬ ಧೈರ್ಯವಿತ್ತು; ತಡವಾಗುತ್ತದೆಂಬ ಸಿಟ್ಟೂ ಇತ್ತು. 1996ರಲ್ಲಿ ಆ ವ್ಯವಸ್ಥೆ ಪೂರ್ಣವಾಗಿ ಕೊನೆಗೊಂಡು ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದ. ಆದರೆ ಐದಾರು ವರ್ಷಗಳಲ್ಲಿ ಜಾಗತಿಕ ಬೆಲೆ ಕುಸಿದಾಗ ಅದೇ ಸ್ವಾತಂತ್ರ್ಯ ಹಲವರನ್ನು ಸಾಲದಲ್ಲಿ ಮುಳುಗಿಸಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವುದು ಕರ್ನಾಟಕ. ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಕಡಿಮೆಯವು. ಆದರೆ ಅರೇಬಿಕಾದ ದರಕ್ಕೆ ದಿಕ್ಕು ತೋರುವುದು ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬರ ಬಿದ್ದದ್ದರಿಂದ 2025ರ ಆರಂಭದಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ದಾಖಲೆ ಬರೆಯಿತು. ನಮ್ಮವರು ಪತ್ರಿಕೆಯಲ್ಲಿ ಓದಿ ಬೆರಗಾದದ್ದು ಆ ಸುದ್ದಿಯನ್ನೇ.

ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿಪಡಿಸುವ ಎಫ್‌ಆರ್‌ಪಿ ಇದೆ. 2025-26ರ ಹಂಗಾಮಿಗೆ ಶೇ 10.25 ಇಳುವರಿಯ ಆಧಾರದಲ್ಲಿ ಕ್ವಿಂಟಲ್‌ಗೆ 355 ರೂಪಾಯಿ. ಅದು ಸಾಲದೆಂದು 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ಕುಳಿತರು. ಕೊನೆಗೆ ಸರ್ಕಾರ ಮಧ್ಯೆ ಪ್ರವೇಶಿಸಿ 3,300 ರೂಪಾಯಿಗೆ ಒಪ್ಪಿಸಿತು. ಈ ವಿವರ ಕೇಳಿದ ತೋಟದ ಯಜಮಾನರು ಬಹಳ ಹೊತ್ತು ಯೋಚಿಸಿ, ತಮ್ಮವರು ಧರಣಿ ಕೂರಬೇಕೆಂದರೆ ಯಾವ ಕ್ರಾಸಿನಲ್ಲಿ ಕೂರಬೇಕೆಂದು ಕೇಳಿದರು. ಯಾರಲ್ಲೂ ಉತ್ತರವಿರಲಿಲ್ಲ. ಬೆಲೆ ಏರಿದ ವರ್ಷ ಫಸಲು ಕಡಿಮೆಯಿದ್ದವರು, ಅಥವಾ ಏರುವ ಮುನ್ನವೇ ಸಾಲ ತೀರಿಸಲೆಂದು ಮಾರಿದವರು ಅಲ್ಲಿ ಕಡಿಮೆಯೇನಿಲ್ಲ.

ಹಾಗಾದರೆ ಮೇಲವಂಕಿಯಲ್ಲಿ ಕಾಫಿ? ಹಿತ್ತಲಿನಲ್ಲಿ ನೆರಳು, ನೀರು ಕೊಟ್ಟು ನಾಲ್ಕು ರೋಬಸ್ಟಾ ಗಿಡ ಬದುಕಿಸಬಹುದು, ಅಷ್ಟೆ. ಅರೇಬಿಕಾಕ್ಕೆ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗೂ ಮೇಲಿನ ತಂಪು, 15ರಿಂದ 25 ಡಿಗ್ರಿ ಉಷ್ಣಾಂಶ, ವರ್ಷಕ್ಕೆ 1,600 ಮಿಲಿಮೀಟರಿಗೂ ಹೆಚ್ಚು ಮಳೆ ಬೇಕು. ರೋಬಸ್ಟಾಕ್ಕೆ ಎತ್ತರ ಅರ್ಧ ಸಾಕು. ಆದರೂ ಸಾವಿರ ಮಿಲಿಮೀಟರ್ ಮಳೆ ಮತ್ತು ತೇವದ ಗಾಳಿ ಬೇಕು. ಗೋಕಾಕ ಸೀಮೆಯಲ್ಲಿ ಬೀಳುವ ಮಳೆ ಐದಾರು ನೂರು ಮಿಲಿಮೀಟರ್. ಕಾಲುವೆ ಆ ಕೊರತೆಯನ್ನು ಬೇರಿಗೆ ತುಂಬಿಕೊಟ್ಟೀತು, ಏಪ್ರಿಲ್-ಮೇ ತಿಂಗಳ ಒಣ ಗಾಳಿಯನ್ನು ತಡೆಯಲಾರದು. ಎರೆಮಣ್ಣಿನಲ್ಲಿ ನೀರು ನಿಲ್ಲುತ್ತದೆ, ಅದರ ಗುಣ ಕ್ಷಾರದತ್ತ. ಕಾಫಿಗೆ ಬೇಕಾದದ್ದು ನೀರು ಬಸಿದುಹೋಗುವ, ತುಸು ಆಮ್ಲ ಗುಣದ ಮಣ್ಣು. ಇದನ್ನು ಕೇಳಿ ಹಿರಿಯರೇನೂ ಬೇಸರಪಡಲಿಲ್ಲ. ಹೊರಡುವಾಗ ಅವರು ಕೊಂಡದ್ದು ಕಾಫಿಪುಡಿಯನ್ನಲ್ಲ, ಎರಡು ಕರಿಮೆಣಸಿನ ಬಳ್ಳಿಗಳನ್ನು. ಬಾವಿಯ ಬದಿಯ ತೆಂಗಿನ ಮರಕ್ಕೆ ಹಬ್ಬಿಸಿ ನೋಡುವುದಾಗಿ ಹೇಳಿದರು.

ಊರಿಗೆ ಮರಳಿ ಎರಡು ವಾರವಾದ ಮೇಲೆ ಅವರೇ ಆಲ್ದೂರಿಗೆ ಫೋನ್ ಮಾಡಿದರಂತೆ, ಬ್ಯಾಕಿಂಗ್ ಮಳೆ ಬಂತೋ ಇಲ್ಲವೋ ಎಂದು ಕೇಳಲು. ಹಿಂದಿನ ರಾತ್ರಿ ಎಂಬತ್ತು ಸೆಂಟು ಬಿದ್ದಿತ್ತು.